ಗೇಮ್ ಪಟ್ಟಿ ಮೊದಲು, ಲಿನಕ್ಸ್ ಆಮೇಲೆ

ಪ್ರಶ್ನೆ: ಮಂಡ್ಯದಿಂದ ಬರೆಯುತ್ತಿದ್ದೇನೆ ಸರ್. ಎಂಜಿನಿಯರಿಂಗ್ ಎರಡನೇ ವರ್ಷ. ಬೆಂಗಳೂರಿನಲ್ಲಿರುವ ಭಾವ ತಮ್ಮ ಹಳೇ ಗೇಮಿಂಗ್ ಲ್ಯಾಪ್‌ಟಾಪ್ ಕೊಟ್ಟಿದ್ದಾರೆ. ಏಳನೇ ತಲೆಮಾರಿನ ಐ5-7300ಎಚ್‌ಕ್ಯೂ ಪ್ರೊಸೆಸರ್, 8 ಜಿಬಿ ರ‍್ಯಾಮ್, 4 ಜಿಬಿಯ ಜಿಟಿಎಕ್ಸ್ 1050, 128 ಜಿಬಿ ಎಸ್‌ಎಸ್‌ಡಿ, ಜೊತೆಗೆ 1 ಟಿಬಿ ಹಾರ್ಡ್‌ಡಿಸ್ಕ್. ಈಗ ವಿಂಡೋಸ್ 10 ಇದೆ. 11 ಹಾಕಲು ಹೋದರೆ ಈ ಪ್ರೊಸೆಸರ್‌ಗೆ ಆಗಲ್ಲ ಅನ್ನುತ್ತದೆ. ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕೋಣ ಅಂದರೆ ಅಂಗಡಿಯವರು ‘ಅದರಲ್ಲಿ ಗೇಮ್ ನಡೆಯಲ್ಲ’ ಅಂತಾರೆ, ಯೂಟ್ಯೂಬ್‌ನಲ್ಲಿ ‘ಎಲ್ಲಾ ನಡೆಯುತ್ತೆ’ ಅಂತಾರೆ. ನಾನು ಆಡೋದು ಜಿಟಿಎ 5, ಕೌಂಟರ್-ಸ್ಟ್ರೈಕ್ 2, ಮೈನ್‌ಕ್ರಾಫ್ಟ್, ಮತ್ತೆ ಸ್ನೇಹಿತರ ಜೊತೆ ವ್ಯಾಲೊರಂಟ್. ಅಪ್ಪ ಡೇರಿ ಸಂಘದ ಕಾರ್ಯದರ್ಶಿ, ಸಂಘದ ಪತ್ರಗಳನ್ನು ಇದೇ ಲ್ಯಾಪ್‌ಟಾಪ್‌ನಲ್ಲಿ ನುಡಿಯಲ್ಲಿ ಟೈಪ್ ಮಾಡುತ್ತಾರೆ. ಏನು ಮಾಡಲಿ?

ಉತ್ತರ: ಅಂಗಡಿಯವರು ಹೇಳಿದ್ದು ಹತ್ತು ವರ್ಷದ ಹಿಂದೆ ನಿಜವಾಗಿತ್ತು. ಯೂಟ್ಯೂಬ್‌ನವರು ಹೇಳುವುದು ಇವತ್ತಿಗೆ ಬಹುಪಾಲು ನಿಜ, ಪೂರ್ತಿ ಅಲ್ಲ. ಆ ನಿಜವಲ್ಲದ ಪಾಲಿನಲ್ಲೇ ನಿಮ್ಮ ವ್ಯಾಲೊರಂಟ್ ಕೂತಿದೆ.

ಮೈಸೂರಿನಲ್ಲಿ ನನ್ನ ಹತ್ತಿರ ಹೀಗೆ ಲ್ಯಾಪ್‌ಟಾಪ್ ಹಿಡಿದು ಬರುವ ಹುಡುಗರು ಬಾಯಿ ಬಿಟ್ಟ ಕೂಡಲೇ ‘ಯಾವ ಲಿನಕ್ಸ್ ಒಳ್ಳೇದು’ ಅನ್ನುತ್ತಾರೆ. ಅದು ಆಮೇಲಿನ ಮಾತು. ಮೊದಲು ಒಂದು ಹಾಳೆ ತೆಗೆದುಕೊಂಡು, ಕಳೆದ ಮೂರು ತಿಂಗಳಲ್ಲಿ ನಿಜವಾಗಿ ಆಡಿದ ಗೇಮುಗಳ ಹೆಸರು ಬರೆಯಿರಿ ಅನ್ನುತ್ತೇನೆ. ನೀವು ಪಟ್ಟಿ ಮಾಡಿಕೊಂಡೇ ಕೇಳಿದ್ದೀರಿ, ಕೆಲಸ ಹಗುರವಾಯಿತು. ನಾಲ್ಕರಲ್ಲಿ ಎರಡು ಸಲೀಸಾಗಿ ನಡೆಯುತ್ತವೆ, ಒಂದು ಅರ್ಧ ನಡೆಯುತ್ತದೆ, ಇನ್ನೊಂದು ತಲೆಕೆಳಗಾಗಿ ನಿಂತರೂ ನಡೆಯುವುದಿಲ್ಲ. ಯಾಕೆ ಅನ್ನುವುದು ತಿಳಿದರೆ ನಾಳೆ ಐದನೆಯ ಗೇಮ್ ಬಂದಾಗ ನನ್ನನ್ನು ಕೇಳುವ ಅಗತ್ಯ ಇರುವುದಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ವಿಂಡೋಸಿಗೆ ಬರೆದ ಗೇಮೂ ಅದೇ ಇಂಟೆಲ್ ಪ್ರೊಸೆಸರಿನ ಮೇಲೆ ಓಡುವುದು. ಒಳಗಿನ ಲೆಕ್ಕಾಚಾರಕ್ಕೆ ಯಾವ ಮಾರ್ಪಾಟೂ ಬೇಡ. ತೊಡಕು ಬರುವುದು ಗೇಮು ಆಪರೇಟಿಂಗ್ ಸಿಸ್ಟಮ್ಮನ್ನು ಏನಾದರೂ ಕೇಳಿದಾಗ: ಈ ಫೈಲ್ ತೆಗೆದುಕೊಡು, ಮೌಸ್ ಎಲ್ಲಿದೆ ಹೇಳು, ಪರದೆ ಮೇಲೆ ಈ ತ್ರಿಕೋನ ಬಿಡಿಸು. ತಾಲ್ಲೂಕು ಕಚೇರಿ ಮುಂದೆ ಮರದ ನೆರಳಲ್ಲಿ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವವರನ್ನು ನೀವು ನೋಡಿರುತ್ತೀರಿ. ಬಂದವರು ತಮ್ಮ ಮಾತಿನಲ್ಲಿ ಹೇಳಿಕೊಳ್ಳುತ್ತಾರೆ, ಇವರು ಅದನ್ನು ಒಳಗಿನವರು ಒಪ್ಪುವ ನಮೂನೆಗೆ ಇಳಿಸಿ ಕೊಡುತ್ತಾರೆ. ವೈನ್ ಎಂಬ ತಂತ್ರಾಂಶ 1993ರಿಂದ ಮಾಡಿಕೊಂಡು ಬಂದಿರುವುದು ಇಷ್ಟನ್ನೇ. ಗೇಮು ವಿಂಡೋಸ್ ಭಾಷೆಯಲ್ಲಿ ಕೇಳಿದ್ದನ್ನು ಲಿನಕ್ಸಿಗೆ ತಿಳಿಯುವಂತೆ ಬರೆದು ಒಳಗೆ ಕಳಿಸುತ್ತದೆ. ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ನಟಿಸುವ ಕೆಲಸ ಇಲ್ಲಿ ಇಲ್ಲ, ಅದಕ್ಕೇ ವೇಗ ಅಷ್ಟಾಗಿ ಕುಗ್ಗುವುದಿಲ್ಲ.

ಆದರೆ ಬಹಳ ವರ್ಷ ಈ ಅರ್ಜಿ ಬರೆಯುವವರಿಗೆ ಚಿತ್ರ ಬಿಡಿಸುವ ಅರ್ಜಿ ಸರಿಯಾಗಿ ಬರೆಯಲು ಬರುತ್ತಿರಲಿಲ್ಲ. ವಿಂಡೋಸ್ ಗೇಮುಗಳು ಗ್ರಾಫಿಕ್ಸ್ ಕಾರ್ಡಿನ ಜೊತೆ ಮಾತಾಡುವುದು ಡೈರೆಕ್ಟ್‌ಎಕ್ಸ್ ಎಂಬ ಮೈಕ್ರೋಸಾಫ್ಟ್‌ನ ಸ್ವಂತ ಭಾಷೆಯಲ್ಲಿ. 2016ರಲ್ಲಿ ವಲ್ಕನ್ ಎಂಬ ಮುಕ್ತ ಭಾಷೆ ಬಂತು. ಮರುವರ್ಷ ಫಿಲಿಪ್ ರೆಬೋಲೆ ಎಂಬ ಪ್ರೋಗ್ರಾಮರ್ ನೀಯರ್: ಆಟೋಮೇಟಾ ಎಂಬ ಗೇಮನ್ನು ತನ್ನ ಲಿನಕ್ಸ್ ಯಂತ್ರದಲ್ಲಿ ಆಡಲೇಬೇಕೆಂದು ಹಟ ಹಿಡಿದು, ಡೈರೆಕ್ಟ್‌ಎಕ್ಸ್ 11ನ್ನು ವಲ್ಕನ್‌ಗೆ ಬದಲಿಸುವ ಡಿಎಕ್ಸ್‌ವಿಕೆ ಬರೆಯಲು ಕೂತ. ಒಂದು ಗೇಮಿಗಾಗಿ! ಆನ್‌ಲೈನ್‌ನಲ್ಲಿ ಗೇಮ್ ಮಾರುವ ಸ್ಟೀಮ್ ಅಂಗಡಿ ನಡೆಸುವ ವಾಲ್ವ್ ಕಂಪನಿಯ ಕಣ್ಣಿಗೆ ಅದು ಬಿತ್ತು, ಆತನ ಕೆಲಸಕ್ಕೆ ದುಡ್ಡು ಕೊಡಲು ಶುರು ಮಾಡಿತು. ವೈನ್, ಡಿಎಕ್ಸ್‌ವಿಕೆ ಮತ್ತಿತರ ಸಾಮಾನುಗಳನ್ನು ಒಂದೇ ಪೊಟ್ಟಣ ಮಾಡಿ 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ಎಂಬ ಹೆಸರಲ್ಲಿ ಸ್ಟೀಮ್ ಒಳಗೇ ಕೂರಿಸಿತು. 2022ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರ ಓಡುವುದು ಇದರ ಮೇಲೆಯೇ. ವಾಲ್ವ್ ಇದನ್ನೆಲ್ಲ ಪರೋಪಕಾರಕ್ಕೆ ಮಾಡಿತು ಅಂದುಕೊಳ್ಳಬೇಡಿ. ವಿಂಡೋಸ್ 8ರ ಜೊತೆ ಮೈಕ್ರೋಸಾಫ್ಟ್ ತನ್ನದೇ ಅಂಗಡಿ ತೆರೆದಾಗ ಅವರಿಗೆ ಹೊಟ್ಟೆಯಲ್ಲಿ ಕಸಿವಿಸಿ ಶುರುವಾಗಿತ್ತು. ಬೇರೆಯವರ ಜಮೀನಿನಲ್ಲಿ ಮನೆ ಕಟ್ಟಿಕೊಂಡವರ ಕಸಿವಿಸಿ ಅದು. 2015ರಲ್ಲಿ ಸ್ಟೀಮ್ ಮಷೀನ್ ಅಂತ ಲಿನಕ್ಸ್ ಪೆಟ್ಟಿಗೆಗಳನ್ನು ಮಾರುಕಟ್ಟೆಗೆ ಬಿಟ್ಟು ಒಮ್ಮೆ ಮುಗ್ಗರಿಸಿದ್ದರು. ಆಗ ಗೇಮ್ ಮಾಡುವವರೇ ಲಿನಕ್ಸಿಗೆ ಬೇರೆ ಆವೃತ್ತಿ ಬರೆಯಲಿ ಎಂದು ಕಾದರು, ಬರೆದವರು ಕಡಿಮೆ. ಎರಡನೇ ಸಲ ಯಾರನ್ನೂ ಕಾಯದೆ ಅರ್ಜಿ ಬರೆಯುವವರನ್ನೇ ಸಂಬಳಕ್ಕೆ ಇಟ್ಟುಕೊಂಡರು.

ಹಾಗಾದರೆ ವ್ಯಾಲೊರಂಟ್‌ಗೆ ಏನು ಕಾಯಿಲೆ? ಅದರ ವ್ಯಾಂಗಾರ್ಡ್ ಎಂಬ ಮೋಸ ಹಿಡಿಯುವ ಕಾವಲುಗಾರ ಈ ಅರ್ಜಿ-ಗಿರ್ಜಿ ಒಪ್ಪುವುದಿಲ್ಲ. ರೆಕಾರ್ಡ್ ರೂಮಿನ ಬೀಗದ ಕೈಯನ್ನೇ ಕೊಡಿ, ನಾನೇ ಒಳಗೆ ಕೂತು ಯಾರು ಏನು ಮಾಡುತ್ತಿದ್ದಾರೆ ನೋಡುತ್ತೇನೆ ಅನ್ನುತ್ತದೆ. ವಿಂಡೋಸಿನ ಕರ್ನಲ್‌ನಲ್ಲಿ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ಗರ್ಭಗುಡಿಯಲ್ಲಿ, ಯಂತ್ರ ಶುರುವಾಗುವಾಗಲೇ ಹೋಗಿ ಕೂರುವ ಡ್ರೈವರ್ ಅದು. ಲಿನಕ್ಸ್‌ನಲ್ಲಿ ಆ ಗರ್ಭಗುಡಿಯೇ ಬೇರೆ. ವೈನ್ ಅರ್ಜಿ ಬರೆಯಬಲ್ಲದು, ಇಲ್ಲದ ಕೋಣೆಯನ್ನು ಕಟ್ಟಿಕೊಡಲಾರದು. ಕಂಪ್ಯೂಟರಿನೊಳಗೆ ಕಂಪ್ಯೂಟರ್ ನಟಿಸುವ ವರ್ಚುವಲ್ ಮಷೀನ್ ಒಳಗೆ ವಿಂಡೋಸ್ ಹಾಕಿ ಆಡುತ್ತೇನೆ ಎಂದು ಹೊರಡಬೇಡಿ. ಅದನ್ನೂ ಪತ್ತೆ ಹಚ್ಚುವಂತೆಯೇ ಬರೆದಿರುತ್ತಾರೆ, ಕಷ್ಟಪಟ್ಟು ಏರಿಸಿಕೊಂಡ ಅಕೌಂಟಿಗೆ ಕುತ್ತು ತಂದುಕೊಂಡ ಹಾಗೆ.

ಎಲ್ಲ ಕಾವಲುಗಾರರೂ ಇಷ್ಟು ಬಿಗಿ ಇಲ್ಲ. ಈಸಿ ಆ್ಯಂಟಿ-ಚೀಟ್, ಬ್ಯಾಟಲ್‌ಐ ಎಂಬ ಎರಡು ದೊಡ್ಡ ಹೆಸರುಗಳು 2021ರಿಂದಲೇ ಪ್ರೋಟಾನ್‌ಗೆ ದಾರಿ ಬಿಟ್ಟಿವೆ. ಆದರೆ ಬಾಗಿಲು ತೆರೆಯುವ ಚಿಲಕ ಗೇಮ್ ಕಂಪನಿಯ ಕೈಯಲ್ಲಿದೆ. ಅವರು ಒಪ್ಪಿದರೆ ನಡೆಯುತ್ತದೆ, ಒಪ್ಪದಿದ್ದರೆ ಇಲ್ಲ. ಒಪ್ಪಿದವರು ಮನಸ್ಸು ಬದಲಿಸಿದ್ದೂ ಉಂಟು: ಏಪೆಕ್ಸ್ ಲೆಜೆಂಡ್ಸ್ ಲಿನಕ್ಸ್‌ನಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು, 2024ರ ಅಕ್ಟೋಬರ್ 31ಕ್ಕೆ ಬಾಗಿಲು ಹಾಕಿದರು. ಮೋಸಗಾರರು ಲಿನಕ್ಸ್ ದಾರಿಯಿಂದ ನುಸುಳುತ್ತಿದ್ದಾರೆ ಅನ್ನುವುದು ಅವರು ಕೊಟ್ಟ ಕಾರಣ. ವಿಂಡೋಸ್‌ನಲ್ಲಿ ಮೋಸಗಾರರಿಗೆ ಏನು ಬರವಾ ಎಂದು ನನಗೆ ಆಗ ಅನಿಸಿದ್ದು ನಿಜ. ಆದರೆ ಅಂಗಡಿ ಅವರದು, ಬಾಗಿಲೂ ಅವರದು. ಫೋರ್ಟ್‌ನೈಟ್, ಪಬ್ಜಿ, ಈಚಿನ ಕಾಲ್ ಆಫ್ ಡ್ಯೂಟಿಗಳು ಇವೆಲ್ಲ ಈ ಮುಚ್ಚಿದ ಸಾಲಿನವೇ. ಒಬ್ಬರೇ ಕೂತು ಆಡುವ ಗೇಮುಗಳಲ್ಲಿ ಸಾಮಾನ್ಯವಾಗಿ ಈ ಕಾಟ ಇಲ್ಲ. ಹಾಗಾಗಿ ಹೊಸ ಗೇಮ್ ಬಂದಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ‘ಇದಕ್ಕೆ ಎಷ್ಟು ರ‍್ಯಾಮ್ ಬೇಕು’ ಅಂತಲ್ಲ, ‘ಇದರ ಕಾವಲುಗಾರ ಯಾರು’ ಅಂತ. ಪ್ರೋಟಾನ್‌ಡಿಬಿ ಎಂಬ ತಾಣದಲ್ಲಿ ಆಡಿದವರೇ ಬರೆದ ವರದಿಗಳು ಸಿಗುತ್ತವೆ. ಮೇಲಿರುವ ಪ್ಲಾಟಿನಂ, ಗೋಲ್ಡ್ ಪದಕ ನೋಡಿ ತೃಪ್ತರಾಗದೆ, ಕೆಳಗಿಳಿದು ಕಳೆದ ತಿಂಗಳು ಯಾರು ಏನು ಬರೆದಿದ್ದಾರೆ ಓದಿ.

ಈಗ ನಿಮ್ಮ ಪಟ್ಟಿ. ಕೌಂಟರ್-ಸ್ಟ್ರೈಕ್ 2 ವಾಲ್ವ್‌ನವರದೇ ಗೇಮು, ಲಿನಕ್ಸ್‌ಗೆ ಅವರೇ ಆವೃತ್ತಿ ಕೊಡುತ್ತಾರೆ, ಪ್ರೋಟಾನ್ ಕೂಡ ಬೇಡ. ಒಂದು ಎಚ್ಚರ: ಫೇಸಿಟ್ ಎಂಬ ಹೊರಗಿನ ಪಂದ್ಯದ ತಾಣದಲ್ಲಿ ಮ್ಯಾಚ್ ಆಡುವವರಾದರೆ ಅದರ ಕಾವಲುಗಾರ ವಿಂಡೋಸಿಗೆ ಮಾತ್ರ. ಮೈನ್‌ಕ್ರಾಫ್ಟ್ ಜಾವಾ ಆವೃತ್ತಿ ಲಿನಕ್ಸ್‌ನಲ್ಲಿ ಸ್ವಂತ ಮನೆಯಲ್ಲಿದ್ದ ಹಾಗೆ ಇರುತ್ತದೆ. ನೀವು ಬೆಡ್‌ರಾಕ್ ಎಂಬ ಅದರ ಇನ್ನೊಂದು ಆವೃತ್ತಿ ಆಡುತ್ತಿದ್ದರೆ ಅದಕ್ಕೆ ಅಧಿಕೃತ ಲಿನಕ್ಸ್ ಆವೃತ್ತಿ ಇಲ್ಲ. ಜಿಟಿಎ 5ರಲ್ಲಿ ಕಥೆ ನಡೆಯುತ್ತದೆ, ಆನ್‌ಲೈನ್ ನಡೆಯುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ಬ್ಯಾಟಲ್‌ಐ ಹಾಕಿದರು, ಲಿನಕ್ಸ್‌ಗೆ ಚಿಲಕ ತೆಗೆಯಲಿಲ್ಲ. ರಾಕ್‌ಸ್ಟಾರ್ ಲಾಂಚರಿನ ಸೆಟ್ಟಿಂಗ್‌ನಲ್ಲಿ ಬ್ಯಾಟಲ್‌ಐ ಆಫ್ ಮಾಡಿ ಸ್ಟೋರಿ ಮೋಡ್‌ಗೆ ಹೋಗಬೇಕು. ಸ್ಟೀಮ್‌ನಲ್ಲಿ ಈಗ ಎರಡು ಜಿಟಿಎ 5 ಕಾಣುತ್ತವೆ. ನೀವು ಲೆಗಸಿ ಎಂದು ಬರೆದಿರುವುದನ್ನೇ ಇಳಿಸಿಕೊಳ್ಳಿ. ಅದು ಡೈರೆಕ್ಟ್‌ಎಕ್ಸ್ 11ರದು, ಡಿಎಕ್ಸ್‌ವಿಕೆಗೆ ನೀರು ಕುಡಿದಷ್ಟು ಸುಲಭ. 2025ರಲ್ಲಿ ಬಂದ ಎನ್‌ಹ್ಯಾನ್ಸ್‌ಡ್ ಆವೃತ್ತಿ ಡೈರೆಕ್ಟ್‌ಎಕ್ಸ್ 12ರದು. ಅದನ್ನು ವಲ್ಕನ್‌ಗೆ ಬದಲಿಸುವ ಕೆಲಸದಲ್ಲಿ ಜಿಟಿಎಕ್ಸ್ 10 ಸರಣಿಯ ಕಾರ್ಡುಗಳು ಚೆನ್ನಾಗಿಯೇ ಏದುಸಿರು ಬಿಡುತ್ತವೆ. ನಿಮ್ಮ ಕಾರ್ಡಿನಲ್ಲಿ 12 ಮಾತ್ರ ಕೇಳುವ ಹೊಸ ಗೇಮುಗಳ ಆಸೆ ಬೇಡ. 11ರವೇ ಬೇಕಾದಷ್ಟಿವೆ.

ವ್ಯಾಲೊರಂಟ್ ಬಿಡಲಾರೆ ಅಂದರೆ ವಿಂಡೋಸ್ ಅಳಿಸಬೇಡಿ, ಪಕ್ಕದಲ್ಲೇ ಲಿನಕ್ಸ್ ಹಾಕಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿಕೊಂಡ ಮನೆ ಬಳಕೆಯವರಿಗೆ ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿತ್ತು. ಆ ವಿಂಡೋಸನ್ನು ವ್ಯಾಲೊರಂಟ್‌ಗೆ ಮಾತ್ರ ಬಳಸಿ. ಬ್ಯಾಂಕು, ಮೇಲ್, ಅಪ್ಪನ ಕೆಲಸ ಇವೆಲ್ಲ ಲಿನಕ್ಸ್ ಕಡೆಗೆ ಬರಲಿ.

ಇನ್ನು ಯಂತ್ರದ ವಿಚಾರ. ಒಂದೇ ಒಂದು ಖರ್ಚು ಮಾಡುವುದಾದರೆ ಆ 1 ಟಿಬಿ ಹಾರ್ಡ್‌ಡಿಸ್ಕ್ ಬಿಚ್ಚಿ, ಆ ಜಾಗಕ್ಕೆ 500 ಜಿಬಿ ಆಸುಪಾಸಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ. ತಿರುಗುವ ಡಿಸ್ಕಿನ ಮೇಲೆ ಜಿಟಿಎ 5 ಇಟ್ಟು ಲಿನಕ್ಸ್ ನಿಧಾನ ಎಂದವರನ್ನು ನಾನು ಕಂಡಿದ್ದೇನೆ. ಹಳೇ ಡಿಸ್ಕನ್ನು ಯುಎಸ್‌ಬಿ ಕೇಸಿಗೆ ಹಾಕಿಕೊಂಡರೆ ಫೈಲುಗಳೆಲ್ಲ ಹಾಗೇ ಉಳಿಯುತ್ತವೆ. 128 ಜಿಬಿಯ ಪುಟ್ಟ ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಇದ್ದ ಹಾಗೇ ಇರಲಿ, ಹೊಸದರಲ್ಲಿ ಪೂರ್ತಿ ಲಿನಕ್ಸ್. ಲಿನಕ್ಸ್ ಹಾಕುವ ಅರ್ಧ ಗಂಟೆ ಆ ಪುಟ್ಟ ಎಸ್‌ಎಸ್‌ಡಿಯನ್ನು ಬಿಚ್ಚಿ ಪಕ್ಕಕ್ಕಿಟ್ಟರೆ, ಅದು ಒಂದೇ ಸ್ಕ್ರೂ ಕೆಲಸ, ಲಿನಕ್ಸನ್ನು ಎಬ್ಬಿಸುವ ಬೂಟ್‌ಲೋಡರ್ ತಪ್ಪಿ ವಿಂಡೋಸ್ ಡಿಸ್ಕಿಗೆ ಹೋಗಿ ಕೂರುವ ಭಯವಿಲ್ಲ. ಯಂತ್ರ ಯಾವುದರಿಂದ ಶುರುವಾಗಬೇಕೆಂದು ಹೇಳುವ ಬಯಾಸ್ ಸೆಟ್ಟಿಂಗ್ ಮುಟ್ಟುವ ಮುಂಚೆ ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದೆಯೇ ನೋಡಿ. ಇದ್ದರೆ ಅದರ ರಿಕವರಿ ಕೀಲಿಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ಅದೇ ಲ್ಯಾಪ್‌ಟಾಪ್‌ನಲ್ಲಿ ಅಲ್ಲ.

ಯಾವ ಲಿನಕ್ಸ್ ಎನ್ನುವುದಕ್ಕೆ ಈಗ ಬಂದೆ. ಗೇಮಿಗೆಂದೇ ಮಾಡಿದ ಬಜೈಟ್ ಥರದವು ಚೆನ್ನಾಗಿವೆ, ಎಎಂಡಿ ಕಾರ್ಡಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೇನೋ. ನಿಮಗೆ ಲಿನಕ್ಸ್ ಮಿಂಟ್ 22, ಸಿನಮನ್ ಡೆಸ್ಕ್‌ಟಾಪ್. 2029ರವರೆಗೆ ಅದಕ್ಕೆ ಬೆಂಬಲ ಇದೆ. ಮುಖ್ಯ ಕಾರಣ ನಿಮ್ಮ ಕಾರ್ಡ್. ಅದನ್ನು ಮಾಡಿದ ಎನ್ವಿಡಿಯಾ ಕಂಪನಿಯ 580 ಸರಣಿಯ ಡ್ರೈವರೇ, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶವೇ, ಜಿಟಿಎಕ್ಸ್ 10 ಪೀಳಿಗೆಗೆ ಕೊನೆಯದು. 2025ರ ಕೊನೆಗೆ ಬಂದ 590 ನಿಮ್ಮ ಕಾರ್ಡನ್ನು ಗುರುತಿಸುವುದೇ ಇಲ್ಲ. ಆರ್ಚ್‌ನಂತೆ ಹೊಸದು ಬಂದ ದಿನವೇ ಏರಿಸಿಕೊಳ್ಳುವ ಲಿನಕ್ಸ್‌ಗಳಲ್ಲಿ ಈ ಹಳೇ ಕಾರ್ಡಿನವರು ಅಪ್‌ಡೇಟ್ ಮಾಡಿ ಮರುದಿನ ಕಪ್ಪು ಪರದೆ ನೋಡಿದರು. ಮಿಂಟ್ ಅಷ್ಟು ಆತುರದ್ದಲ್ಲ. ಡ್ರೈವರ್ ಮ್ಯಾನೇಜರ್ ತೆರೆದು 580 ಆರಿಸಿ, ಅಲ್ಲೇ ನಿಲ್ಲಿ. 2012ರಲ್ಲಿ ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೋರ್ವಾಲ್ಡ್ಸ್ ತುಂಬಿದ ಸಭೆಯಲ್ಲಿ ಎನ್ವಿಡಿಯಾಗೆ ಬೆರಳೆತ್ತಿ ಬೈದದ್ದು ಸುಮ್ಮನೆ ಅಲ್ಲ. ಎಎಂಡಿ, ಇಂಟೆಲ್ ಡ್ರೈವರುಗಳು ಲಿನಕ್ಸ್ ಜೊತೆಗೇ ಬರುತ್ತವೆ, ಎನ್ವಿಡಿಯಾದ್ದನ್ನು ನಾವು ಹೋಗಿ ಕರೆತರಬೇಕು.

ಕರೆತರುವಾಗ ಒಂದು ಕಡೆ ಎಡವುತ್ತೀರಿ. ನಾನು ಎಡವಿದ್ದನ್ನೇ ಹೇಳುತ್ತೇನೆ. ಶ್ರೀರಂಗಪಟ್ಟಣದಲ್ಲಿ ಅಕ್ಕನ ಮನೆ. ಅವಳ ಮಗನ ಲ್ಯಾಪ್‌ಟಾಪ್‌ಗೆ ಮಿಂಟ್ ಹಾಕಿ, ಡ್ರೈವರ್ ಇಳಿಸಿದೆ. ನಡುವೆ ಒಂದು ಪಾಸ್‌ವರ್ಡ್ ಕೇಳಿತು, ಏನೋ ಒಂದು ಕೊಟ್ಟೆ. ರೀಸ್ಟಾರ್ಟ್ ಒತ್ತಿ, ಅಕ್ಕ ಕರೆದಳೆಂದು ಕಾಫಿಗೆ ಒಳಗೆ ಹೋದೆ. ಬರುವಷ್ಟರಲ್ಲಿ ಮಿಂಟ್ ಎದ್ದು ಕೂತಿತ್ತು. ಗೇಮ್ ಶುರು ಮಾಡಿದರೆ ಕಾರು ಜಟಕಾ ಗಾಡಿಯ ಹಾಗೆ ಹೋಗುತ್ತಿದೆ. ಇಡೀ ಸಂಜೆ ಡ್ರೈವರ್ ತೆಗೆದು ಹಾಕಿದ್ದೇ ಹಾಕಿದ್ದು. ರಾತ್ರಿ ಹುಡುಗ ಹೇಳಿದ: ‘ಮಾವ, ನೀವು ಕಾಫಿಗೆ ಹೋದಾಗ ಒಂದು ನೀಲಿ ಪರದೆ ಬಂದು ಹೋಯ್ತು.’

ಆ ನೀಲಿ ಪರದೆಯೇ ಎಲ್ಲ. ಸೆಕ್ಯೂರ್ ಬೂಟ್ ಚಾಲೂ ಇರುವ ಯಂತ್ರದಲ್ಲಿ ಹೊರಗಿನಿಂದ ಬಂದ ಡ್ರೈವರಿಗೆ ನೀವು ರುಜು ಹಾಕಿದ ಹೊರತು ಒಳಗೆ ಬಿಡುವುದಿಲ್ಲ. ರೀಸ್ಟಾರ್ಟ್ ಆದ ಕೂಡಲೇ ‘ಎಂಒಕೆ ಮ್ಯಾನೇಜ್‌ಮೆಂಟ್’ ಎಂಬ ನೀಲಿ ಪರದೆ ಹತ್ತು ಸೆಕೆಂಡು ಮಾತ್ರ ಕಾಯುತ್ತದೆ. ಯಾವುದಾದರೂ ಕೀಲಿ ಒತ್ತಿ, ‘ಎನ್‌ರೋಲ್ ಎಂಒಕೆ’ ಆರಿಸಿ, ‘ಕಂಟಿನ್ಯೂ’, ‘ಯೆಸ್’, ಆಮೇಲೆ ಮೊದಲು ಕೊಟ್ಟಿದ್ದ ಪಾಸ್‌ವರ್ಡ್, ಕೊನೆಗೆ ರೀಬೂಟ್. ಅಲ್ಲಿ ಟೈಪ್ ಮಾಡಿದ್ದು ಪರದೆ ಮೇಲೆ ಕಾಣುವುದಿಲ್ಲ, ಗಾಬರಿ ಬೇಡ. ಸುಮ್ಮನಿದ್ದರೆ ಪರದೆ ಮಾಯವಾಗುತ್ತದೆ, ಡ್ರೈವರ್ ಬಾಗಿಲಾಚೆ ನಿಲ್ಲುತ್ತದೆ, ಯಾರೂ ನಿಮಗೆ ಹೇಳುವುದಿಲ್ಲ. ಅವತ್ತಿನಿಂದ ಡ್ರೈವರ್ ಹಾಕಿದ ಮೇಲೆ ನಾನು ಯಂತ್ರದ ಮುಂದಿಂದ ಕದಲಿಲ್ಲ.

ಡ್ರೈವರ್ ಬಂದರೂ ಇನ್ನೊಂದು ಕೊಕ್ಕೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎರಡು ಗ್ರಾಫಿಕ್ಸ್ ಇವೆ: ಪ್ರೊಸೆಸರ್ ಒಳಗಿನ ಇಂಟೆಲ್ ಎಚ್‌ಡಿ 630, ಮತ್ತೆ ಜಿಟಿಎಕ್ಸ್. ಯಾವುದರ ಮೇಲೆ ಓಡಬೇಕೆಂದು ಹೇಳದಿದ್ದರೆ ಗೇಮು ಬಡಪಾಯಿ ಇಂಟೆಲ್ ಮೇಲೆಯೇ ಸವಾರಿ ಮಾಡಬಹುದು. ಮಿಂಟ್‌ನ ಕೆಳಗಿನ ಪಟ್ಟಿಯಲ್ಲಿ ಎನ್ವಿಡಿಯಾ ಗುರುತು ಒತ್ತಿದರೆ ಮೂರು ಆಯ್ಕೆ ಬರುತ್ತದೆ. ಚಾರ್ಜರ್ ಚುಚ್ಚಿಕೊಂಡೇ ಆಡುವವರಾದರೆ ಪೂರ್ತಿ ಎನ್ವಿಡಿಯಾಗೆ ಬದಲಿಸಿ, ಒಮ್ಮೆ ಲಾಗ್ ಔಟ್ ಮಾಡಿ ಬನ್ನಿ, ತಲೆನೋವೇ ಇಲ್ಲ. ಅಪ್ಪ ಬ್ಯಾಟರಿಯಲ್ಲಿ ಬಳಸುವ ದಿನ, ಬೇಕಾದಾಗ ಮಾತ್ರ ಜಿಟಿಎಕ್ಸ್ ಬಳಸುವ ಆನ್-ಡಿಮ್ಯಾಂಡ್‌ಗೆ ತನ್ನಿ. ಮ್ಯಾಂಗೋಹಡ್ ಎಂಬ ಪುಟ್ಟ ತಂತ್ರಾಂಶ ಹಾಕಿಕೊಂಡರೆ ಗೇಮ್ ಪರದೆಯ ಮೂಲೆಯಲ್ಲಿ ಫ್ರೇಮ್ ಎಷ್ಟು, ಕಾರ್ಡಿನ ಹೊರೆ ಎಷ್ಟು, ಶಾಖ ಎಷ್ಟು ಅಂತ ಕಾಣುತ್ತಿರುತ್ತದೆ. ದೂರುವ ಮುಂಚೆ ಅದನ್ನು ನೋಡಿ. 90 ಡಿಗ್ರಿ ದಾಟುತ್ತಿದ್ದರೆ ಅದು ಲಿನಕ್ಸ್ ತಪ್ಪಲ್ಲ. ಎಂಟು ವರ್ಷದ ಧೂಳು, ಪ್ರೊಸೆಸರಿನ ಶಾಖ ಹೊರಗೆ ಸಾಗಿಸುವ ಪೇಸ್ಟು ಒಣಗಿದ್ದು, ಮಂಡ್ಯದ ಏಪ್ರಿಲ್ ಬಿಸಿಲು, ಮೂರೂ ಸೇರಿ ಮಾಡಿದ ಕೆಲಸ. ಹೇಗೂ ಡಿಸ್ಕ್ ಬದಲಿಸಲು ಬಿಚ್ಚುತ್ತೀರಲ್ಲ, ಫ್ಯಾನ್ ಒರೆಸಿ ಹೊಸ ಪೇಸ್ಟ್ ಹಚ್ಚಿಸಿ.

ಸ್ಟೀಮನ್ನು ವಾಲ್ವ್ ತಾಣದಿಂದ ಡೆಬ್ ಫೈಲಾಗಿ ಇಳಿಸಿಕೊಂಡು ಹಾಕಿ. ಫ್ಲಾಟ್‌ಪ್ಯಾಕ್ ಎಂಬ, ಬೇಲಿಯೊಳಗೆ ಓಡುವ ಆವೃತ್ತಿ ಕೆಟ್ಟದ್ದೇನಲ್ಲ, ಆದರೆ ಬೇರೆ ಡಿಸ್ಕ್ ತೋರಿಸಬೇಕಾದಾಗ ಅನುಮತಿ ಕೊಡುತ್ತ ಕೂರಬೇಕು. ಸ್ಟೀಮ್ ಸೆಟ್ಟಿಂಗ್ಸ್‌ನ ಕಂಪ್ಯಾಟಿಬಿಲಿಟಿ ಪುಟದಲ್ಲಿ ಪ್ರೋಟಾನ್ ಎಲ್ಲ ಗೇಮಿಗೂ ಚಾಲೂ ಇದೆಯೇ ಖಚಿತ ಮಾಡಿಕೊಳ್ಳಿ. ಮೊದಲ ಸಲ ಗೇಮ್ ಒತ್ತಿದಾಗ ‘ಪ್ರೊಸೆಸಿಂಗ್ ವಲ್ಕನ್ ಶೇಡರ್ಸ್’ ಎಂದು ನಿಂತರೆ ಕೆಟ್ಟುಹೋಯಿತು ಅಂದುಕೊಳ್ಳಬೇಡಿ. ಗ್ರಾಫಿಕ್ಸಿನ ಸಣ್ಣ ಸಣ್ಣ ಪ್ರೋಗ್ರಾಮುಗಳನ್ನು ನಿಮ್ಮ ಕಾರ್ಡಿಗೆ ಹೊಂದುವಂತೆ ಮೊದಲೇ ಸಿದ್ಧ ಮಾಡಿಕೊಳ್ಳುತ್ತಿದೆ. ನಾಲ್ಕೇ ಕೋರ್ ಇರುವ ಪ್ರೊಸೆಸರಿಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಬಿಟ್ಟು ಮುಂದೆ ಹೋಗಲೂ ಗುಂಡಿ ಇದೆ, ಹೋದರೆ ಆಟದ ನಡುವೆ ಅಲ್ಲಲ್ಲಿ ತಡವರಿಸುತ್ತದೆ. ಎಪಿಕ್, ಜಿಓಜಿ ಅಂಗಡಿಗಳಲ್ಲಿ ಕೊಂಡ ಗೇಮುಗಳಿಗೆ ಹೀರೋಯಿಕ್ ಎಂಬ ಲಾಂಚರ್ ಇದೆ. 8 ಜಿಬಿ ರ‍್ಯಾಮಿನಲ್ಲಿ ಹಿಂದೆ ಇಪ್ಪತ್ತು ಟ್ಯಾಬ್ ಬ್ರೌಸರ್ ತೆರೆದಿಟ್ಟು ಆಡಲು ಆಗದು, ಮುಚ್ಚಿ. ಕಾರ್ಡಿನ 4 ಜಿಬಿ ತುಂಬಿಹೋಗದಂತೆ ಟೆಕ್ಸ್ಚರ್ ಮೀಡಿಯಂನಲ್ಲಿಡಿ.

ಜಿಟಿಎ 5 ನೂರು ಜಿಬಿ ದಾಟುವ ಗೇಮು. ಈಗಾಗಲೇ ಹಾರ್ಡ್‌ಡಿಸ್ಕ್‌ನಲ್ಲಿ ಇದ್ದರೆ ಮತ್ತೆ ಇಳಿಸುವ ದಂಡ ಯಾಕೆ? ಆದರೆ ಅಲ್ಲಿಂದಲೇ ನೇರ ಆಡಲು ಹೋಗಬೇಡಿ. ವಿಂಡೋಸಿನ ಎನ್‌ಟಿಎಫ್‌ಎಸ್ ಡಿಸ್ಕ್ ಲಿನಕ್ಸ್‌ನಲ್ಲಿ ತೆರೆದುಕೊಳ್ಳುತ್ತದೆ, ಸ್ಟೀಮ್ ಅಲ್ಲಿ ಗೇಮನ್ನು ಗುರುತಿಸಲೂಬಹುದು. ಒತ್ತಿದರೆ ಮಾತ್ರ ಒಂದು ಕ್ಷಣ ‘ರನ್ನಿಂಗ್’ ಎಂದು ತೋರಿಸಿ ಸುಮ್ಮನಾಗುತ್ತದೆ. ಪ್ರೋಟಾನ್ ಪ್ರತಿ ಗೇಮಿಗೂ ಒಂದು ಪುಟ್ಟ ನಕಲಿ ವಿಂಡೋಸ್ ಮನೆ ಕಟ್ಟುತ್ತದೆ. ಅದಕ್ಕೆ ಬೇಕಾದ ಕೆಲವು ಹೆಸರುಗಳು, ಕೊಂಡಿಗಳು ಎನ್‌ಟಿಎಫ್‌ಎಸ್‌ಗೆ ಒಗ್ಗುವುದಿಲ್ಲ. ಜೊತೆಗೆ ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್ ಮಾಡಿದರೂ ಅದು ಅರೆನಿದ್ದೆಯಲ್ಲಿರುತ್ತದೆ, ಅದರ ಡಿಸ್ಕನ್ನು ಲಿನಕ್ಸ್ ಓದಬಹುದು, ಬರೆಯುವಂತಿಲ್ಲ. ವಿಂಡೋಸಿನ ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಸರಿಯಾದ ದಾರಿ ಇದು: ಹೊಸ ಎಸ್‌ಎಸ್‌ಡಿ ಲಿನಕ್ಸಿನ ಸ್ವಂತ ಡಿಸ್ಕ್ ಮಾದರಿಯಾದ ಎಕ್ಸ್ಟ್4 ಆಗಿರಲಿ. ಲಿನಕ್ಸ್ ಸ್ಟೀಮ್‌ನಲ್ಲಿ ಜಿಟಿಎ 5 ಡೌನ್‌ಲೋಡ್ ಶುರು ಮಾಡಿ ತಕ್ಷಣ ನಿಲ್ಲಿಸಿ, ಸ್ಟೀಮನ್ನೂ ಮುಚ್ಚಿ. ಅದರ ಸ್ಟೀಮ್‌ಆ್ಯಪ್ಸ್ ಒಳಗಿನ ಕಾಮನ್ ಫೋಲ್ಡರಿಗೆ ಹಳೆಯ ಗೇಮ್ ಫೋಲ್ಡರನ್ನು, ಹೆಸರು ಒಂದಕ್ಷರ ಬದಲಾಗದಂತೆ, ನಕಲು ಮಾಡಿ. ಮತ್ತೆ ತೆರೆದು ಗೇಮ್ ಫೈಲುಗಳನ್ನು ವೆರಿಫೈ ಮಾಡಿಸಿದರೆ ಇರುವುದನ್ನು ಒಪ್ಪಿಕೊಂಡು ಕೊರತೆ ಬಿದ್ದಷ್ಟನ್ನೇ ಇಳಿಸುತ್ತದೆ. ಗೆಳೆಯರ ಗುಂಪಿನಲ್ಲಿ ಯಾರ ಯಂತ್ರದಲ್ಲಾದರೂ ಈ ಗೇಮ್ ಇದ್ದರೆ ಇನ್ನೂ ಸುಲಭ. 2023ರಿಂದ ಸ್ಟೀಮ್ ಒಂದೇ ವೈಫೈನಲ್ಲಿರುವ ಇನ್ನೊಂದು ಯಂತ್ರದಿಂದ ಗೇಮನ್ನು ನೇರ ಎಳೆದುಕೊಳ್ಳಬಲ್ಲದು. ಅವರ ಮನೆಗೆ ಹೋಗಿ ಕೂತರಾಯಿತು.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲರೂ ಕೇಳದೆ ಮಾಡುವುದೇ ಇದು. ಟೆಲಿಗ್ರಾಂನಲ್ಲಿ ಸಿಕ್ಕ ಕ್ರ್ಯಾಕ್ ಗೇಮನ್ನು ‘ಲಿನಕ್ಸ್‌ಗೆ ವೈರಸ್ ಬರಲ್ಲ’ ಎಂಬ ಧೈರ್ಯದಲ್ಲಿ ವೈನ್ ಒಳಗೆ ಓಡಿಸಬೇಡಿ. ವೈನ್ ಎಂಬುದು ಬೇಲಿಯಲ್ಲ. ಅದರೊಳಗಿನ ಪ್ರೋಗ್ರಾಮಿಗೆ ನಿಮ್ಮ ಇಡೀ ಲಿನಕ್ಸ್ ಡಿಸ್ಕು ಜೆಡ್ ಡ್ರೈವ್ ಆಗಿ ಕಾಣುತ್ತಿರುತ್ತದೆ, ನೀವು ಮುಟ್ಟಬಹುದಾದ ಫೈಲನ್ನೆಲ್ಲ ಅದೂ ಮುಟ್ಟಬಹುದು. ಅದರಲ್ಲಿ ಡೇರಿ ಸಂಘದ ಲೆಕ್ಕವೂ ಇರುತ್ತದೆ. ಸ್ಟೀಮ್ ಸೇಲ್‌ನಲ್ಲಿ ಹಳೇ ಗೇಮುಗಳು ರೂಪಾಯಿ ಬೆಲೆಯಲ್ಲೇ ಅಗ್ಗವಾಗಿ ಸಿಗುತ್ತವೆ, ಯುಪಿಐಯಲ್ಲಿ ಕಟ್ಟಬಹುದು.

ಅಪ್ಪನ ಟೈಪಿಂಗ್ ಬಗ್ಗೆ ನಿಮಗಿಂತ ನನಗೆ ಹೆಚ್ಚು ಕಾಳಜಿ, ಏಕೆಂದರೆ ಗೇಮ್ ನಿಂತರೆ ನೀವು ಗೊಣಗುತ್ತೀರಿ, ಪತ್ರ ನಿಂತರೆ ಲ್ಯಾಪ್‌ಟಾಪೇ ಕೈ ತಪ್ಪುತ್ತದೆ. ಅವರು ನುಡಿಯಲ್ಲಿ ಬಳಸುವ ಕೀಲಿ ಜೋಡಣೆ ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು, ಅದು ಲಿನಕ್ಸ್ ಒಳಗೆ ‘ಕಗಪ’ ಹೆಸರಿನಲ್ಲಿ ಮೊದಲೇ ಇದೆ. ಕೀಬೋರ್ಡ್ ಲೇಔಟಿನಲ್ಲಿ ಕನ್ನಡ ಕಗಪ ಸೇರಿಸಿದರೆ ಅವರ ಬೆರಳುಗಳು ಹೊಸದಾಗಿ ಕಲಿಯಬೇಕಾದ್ದು ಕಡಿಮೆ. ಒತ್ತಕ್ಷರ, ಅರ್ಕಾವತ್ತು ಒಮ್ಮೆ ಕೂರಿಸಿಕೊಂಡು ತೋರಿಸಿ. ಹೊಸದಾಗಿ ಬರೆಯುವುದೆಲ್ಲ ಯೂನಿಕೋಡ್‌ನಲ್ಲಿ, ಲಿಬ್ರೆಆಫೀಸ್‌ನಲ್ಲಿ ಸಲೀಸು. ತೊಂದರೆ ಇರುವುದು ಹಳೇ ಫೈಲುಗಳಲ್ಲಿ. ನುಡಿಯ ಹಳೇ ಆಸ್ಕಿ ಫಾಂಟಿನಲ್ಲಿ ಬರೆದದ್ದು ಹಾಗೇ ತೆರೆದರೆ ಅಕ್ಷರಗಳೆಲ್ಲ ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆಗಳ ಸಂತೆಯಾಗಿ ಕಾಣುತ್ತವೆ. ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟ್ ಫೈಲುಗಳನ್ನು ಪೆನ್‌ಡ್ರೈವ್‌ಗೆ ತೆಗೆದುಕೊಂಡು ಮಿಂಟ್‌ನಲ್ಲಿ ಹಾಕಿದರೆ ಓದಲು, ಪ್ರಿಂಟ್ ತೆಗೆಯಲು ಬರುತ್ತವೆ.

ಇದನ್ನು ಡಿಸ್ಕ್ ಮುಟ್ಟುವ ಮುಂಚೆಯೇ ನೋಡಿಬಿಡಬಹುದು. ಮಿಂಟನ್ನು 8 ಜಿಬಿ ಪೆನ್‌ಡ್ರೈವ್‌ಗೆ ಬರೆದು ಅದರಿಂದಲೇ ಯಂತ್ರ ಶುರು ಮಾಡಿ, ಏನನ್ನೂ ಇನ್‌ಸ್ಟಾಲ್ ಮಾಡದೆ. ವೈಫೈ ಹಿಡಿಯುತ್ತದೆಯೇ, ಸದ್ದು ಬರುತ್ತದೆಯೇ ನೋಡಿ. ಆಮೇಲೆ ಪ್ರಿಂಟರ್ ಚುಚ್ಚಿ, ಅಪ್ಪನನ್ನು ಕರೆದು ಕೂರಿಸಿ, ಕಳೆದ ತಿಂಗಳ ಸಭಾ ನಡವಳಿ ತೆರೆದು ಒಂದು ಪುಟ ಪ್ರಿಂಟ್ ತೆಗೆಯಲು ಹೇಳಿ. ಅವರು ಆ ಹಾಳೆ ನೋಡಿ ‘ಸರಿ ಇದೆ’ ಅಂದ ಮೇಲೆ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳಿ.